ಮಹಮ್ಮದ್ ಅಲಿ ಹೋದ ಮೇಲೆ ಉಳಿದದ್ದು

ನಮ್ಮೂರ ವಾಚನಾಲಯದ ಹುಡುಗರು, ಸಾಲಿ ಗುರುಗಳು ಕೂಡಿ, "ಪುಸ್ತಕ ತರತೀವಿ, ನೀವೂ ಒಂದು ಲೇಖನ ಬರದು ಕೊಡ್ರಿ" ಅಂದಾಗ ನನಗೆ ನಗು ಬಂತು. ನಾನು ಏಳನೆತ್ತೆ ಪಾಸಾದ ಒಕ್ಕಲಿಗ. ದಪ್ಪು ಕೈಯಾಗ ಕೊಟ್ಟು ಹಾಡು ಅಂದರೆ ಬೆಳತನಕ ಹಾಡೇನು. ಪೆನ್ನು ಹಿಡಿದರೆ ಮಾತ್ರ ಎರಡು ಸಾಲಿಗೆ ಬೆರಳು ಹಿಡಕೋತಾವ. ಆದರೂ ಒಪ್ಪಿಕೊಂಡೆ. ಯಾಕಂದರೆ ಒಂದು ಮಾತು ಬಹಳ ದಿವಸದಿಂದ ಹೊಟ್ಟೆಯೊಳಗೆ ಇತ್ತು.

ಏನು ಬರೀತೀರಿ ಅಂತ ಕೇಳಿದರು. ಹರದೇಶಿ-ನಾಗೇಶಿ ಬಗ್ಗೆ ಬರೆಯಬಹುದು, ಇಲ್ಲಾ ನಮ್ಮ ಜತ್ತ ತಾಲೂಕಿನ ನೀರಿನ ಗೋಳು ಬರೆಯಬಹುದು ಅಂತ ಅವರ ಅಂದಾಜು ಇತ್ತು. "ಬಾಕ್ಸಿಂಗ್ ಆಡಾಂವ ಮಹಮ್ಮದ್ ಅಲಿ ಇದ್ದನಲ್ಲ, ಅವನು ಸತ್ತ ಮೇಲೆ ಏನು ಉಳೀತು ಅನ್ನೋದು ಬರೀತೀನಿ" ಅಂದೆ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಅಜ್ಜಗ ಅರಳುಮರಳು ಆತೇನೋ ಅಂದುಕೊಂಡಿರಬೇಕು. ಪೂರಾ ಓದಿರಿ, ಆ ಮೇಲೆ ಹೇಳ್ರಿ.

ಮೊದಲು ಅವನ ಹೆಸರು ನನಗೆ ಹೆಂಗ ಗೊತ್ತಾತು ಅನ್ನೋದು ಹೇಳತೀನಿ. ನಾನು ಸಣ್ಣಾಂವ ಇದ್ದಾಗ ನಮ್ಮೂರ ತಾಲೀಮಿನ ಗ್ವಾಡಿಗೆ ಹಣಮಪ್ಪನ ಫೋಟೋ ಇತ್ತು. ಅದರ ಬಾಜೂಕ ಕೊಲ್ಲಾಪುರದ ಪೈಲ್ವಾನರ ಚಿತ್ರ ಅಂಟಿಸಿದ್ದರು. ಆ ಸಾಲಿನಾಗ ಒಂದು ಕರಿ ಆಳಿನ ಚಿತ್ರ ಇತ್ತು. ಕೈಗೆ ದಪ್ಪನ ಗವಸು, ಬಾಯಿ ತೆರೆದು ಏನೋ ಒದರೂ ಹಂಗ ನಿಂತಿದ್ದ. ಯಾವುದೋ ಮರಾಠಿ ಪೇಪರಿನಿಂದ ಕತ್ತರಿಸಿದ್ದು. ನಮ್ಮ ವಸ್ತಾದರು, "ಇಂವಾ ಕುಸ್ತಿಯಾಂವ ಅಲ್ಲ. ಮುಷ್ಟಿಯಿಂದ ಹೊಡದಾಡಾಂವ. ಜಗತ್ತಿನಾಗ ಇವನ ಮುಂದ ನಿಲ್ಲಾಂವ ಇಲ್ಲ" ಅಂತಿದ್ದರು. ಅಷ್ಟು ಕೇಳಿ ನಾವು ಕೆಂಪು ಮಣ್ಣಿಗೆ ಇಳೀತಿದ್ದೆವು. ಅವನು ಏನು ಒದರತಾನ ಅನ್ನೋದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ನನಗೆ ಅದು ತಿಳಿಯೋಕೆ ನಲವತ್ತು ವರ್ಷ ಬೇಕಾತು.

2016ರ ಜೂನ್ ತಿಂಗಳು. ಮಿರಗದ ಮಳೆ ಬರತದೋ ಇಲ್ಲೋ ಅಂತ ಮುಗಿಲು ನೋಡುವ ದಿನಗಳು. ಮುಂಜಾನೆ ವಾಚನಾಲಯದ ಕಟ್ಟಿ ಮ್ಯಾಲ ಕುಂತಿದ್ದೆ. ಗುರುಗಳೊಬ್ಬರು ಪೇಪರ್ ತೆರೆದು, "ಮಹಮ್ಮದ್ ಅಲಿ ಹೋದ್ನಂತ್ರಿ" ಅಂದರು. ಜೂನ್ 3ಕ್ಕೆ, ಅಮೆರಿಕದ ಅರಿಝೋನಾ ರಾಜ್ಯದ ದವಾಖಾನೆಯಲ್ಲಿ ತೀರಿಕೊಂಡಿದ್ದ. 74 ವರ್ಷ ಆಗಿತ್ತು. ತಾಲೀಮಿನ ಗ್ವಾಡಿ ನೆನಪಾತು. "ಪೂರಾ ಓದಿ ಹೇಳ್ರಿ ಸರ" ಅಂದೆ. ಅವರು ಓದಿದರು. ಮರುದಿವಸವೂ ಓದಿದರು. ಆ ಮೇಲೆ ಅವರೇ ಎಲ್ಲೆಲ್ಲಿಂದಲೋ ಹುಡುಕಿ, ಒಂದು ವಾರ ನನಗೆ ಅವನ ಕಥಿ ಹೇಳಿದರು. ನಾನು ಸಣ್ಣ ಹುಡುಗನ ಹಂಗ ಕುಂತು ಕೇಳಿದೆ.

ಅವನು ಹುಟ್ಟಿದ್ದು 1942ರ ಜನವರಿ 17ಕ್ಕೆ, ಕೆಂಟಕಿ ರಾಜ್ಯದ ಲೂಯಿವಿಲ್ ಅನ್ನುವ ಊರಾಗ. ತಾಯಿತಂದೆ ಇಟ್ಟ ಹೆಸರು ಕ್ಯಾಷಿಯಸ್ ಕ್ಲೇ. ಅಪ್ಪ ಅಂಗಡಿಗಳ ಬೋರ್ಡು ಬರೆಯುವವ. ಆ ಕಾಲಕ್ಕೆ ಅಲ್ಲಿ ಕರಿ ಮಂದಿಗೆ ಬೇರೆ ಸಾಲಿ, ಬೇರೆ ಹೋಟೆಲು, ಕುಂಡ್ರಾಕ ಬೇರೆ ಜಾಗ. ಇದನ್ನ ನಮ್ಮ ಊರುಗಳ ಮಂದಿಗೆ ಬಿಡಿಸಿ ಹೇಳೋದು ಬೇಕಿಲ್ಲ. ಹೊರಗಿನ ಸಾಲಿನಾಗ ನಿಂತು ಮ್ಯಾಲಿಂದ ನೀರು ಹನಿಸಿಕೊಂಡು ಕುಡಿದವರು ನಮ್ಮ ಊರಾಗೂ ಇನ್ನೂ ಅದಾರ.

ಹನ್ನೆರಡು ವರ್ಷದವ ಇದ್ದಾಗ ಅವನ ಹೊಸ ಸೈಕಲ್ ಕಳುವಾತು. ಅಳಕೋತ ಪೊಲೀಸರ ಹತ್ತಿರ ಹೋಗಿ, "ಕದ್ದವ ಸಿಕ್ಕರ ಹೊಡೀತೀನಿ" ಅಂದ. ಆ ಪೊಲೀಸಪ್ಪ ಜೋ ಮಾರ್ಟಿನ್ ಅನ್ನಾಂವ ಹುಡುಗರಿಗೆ ಬಾಕ್ಸಿಂಗ್ ಕಲಿಸುತ್ತಿದ್ದ. "ಹೊಡಿಯೋಕ ಮೊದಲು ಹೊಡಿಯೋದು ಕಲಿ" ಅನ್ನೂ ಅರ್ಥದ ಮಾತು ಹೇಳಿದನಂತ. ಅಲ್ಲಿಂದ ಶುರುವಾದದ್ದು. 1960ರಲ್ಲಿ ರೋಮ್ ಒಲಿಂಪಿಕ್ಸಿನಾಗ ಬಂಗಾರದ ಪದಕ. 1964ರಲ್ಲಿ ಸೊನ್ನಿ ಲಿಸ್ಟನ್ ಅನ್ನುವ ಭಯಂಕರ ಆಳನ್ನು ಸೋಲಿಸಿ ಜಗತ್ತಿನ ಚಾಂಪಿಯನ್. ಆಗ ಅವನಿಗೆ ಬರೇ 22 ವರ್ಷ.

ಗುರುಗಳು ಇಷ್ಟು ಓದಿ, "ಇವನು ಹೊಡೆದಾಡುವುದಕ್ಕೆ ಮೊದಲೇ ಪದ ಕಟ್ಟಿ ಹಾಡ್ತಿದ್ದನಂತ್ರಿ" ಅಂದರು. ನಾನು ಕಿವಿ ನೆಟ್ಟಗೆ ಮಾಡಿದೆ. ಎದುರಾಳಿ ಎಷ್ಟನೇ ಸುತ್ತಿನಾಗ ಬೀಳತಾನ ಅನ್ನೋದನ್ನ ಪ್ರಾಸ ಹಾಕಿ ಪೇಪರಿನವರ ಮುಂದ ಹೇಳತಿದ್ದನಂತ. ನಾನ ದೊಡ್ಡಾಂವ, ನಾನ ಚೆಲುವ, ನೀ ಕುರೂಪಿ ಅಂತ ಎದುರಿನವನ ಎದಿಗೆ ಮೊದಲು ಮಾತಿಲೆ ಹೊಡೆಯುವುದು, ಆ ಮೇಲೆ ಕೈಲೆ. ತಾಲೀಮಿನ ಗ್ವಾಡಿ ಮ್ಯಾಲ ಅವನು ಬಾಯಿ ತೆರೆದು ಏನು ಒದರತಿದ್ದ ಅನ್ನೋದು ಆವತ್ತು ತಿಳೀತು. "ಸರ, ಇಂವಾ ನಮ್ಮಾಂವ. ಇಂವಾ ಹರದೇಶಿ ಹಾಡುಗಾರ" ಅಂದೆ.

ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಹರದೇಶಿ ಅಂದರೆ ಶಿವ ದೊಡ್ಡಾಂವ, ಗಂಡು ಹೆಚ್ಚು ಅಂತ ವಾದಿಸುವ ಪಾರ್ಟಿ. ನಾಗೇಶಿ ಅಂದರೆ ಶಕ್ತಿ ದೊಡ್ಡಾಕಿ, ಹೆಣ್ಣು ಹೆಚ್ಚು ಅನ್ನುವ ಪಾರ್ಟಿ. ಜಾತ್ರಿಯಾಗ ಎರಡೂ ಮೇಳ ಎದುರಾಬದುರ ಕುಂಡ್ರಸತಾರ. ಒಬ್ಬರು ಸವಾಲು ಹಾಕಬೇಕು, ಇನ್ನೊಬ್ಬರು ಪದದಾಗೇ ಉತ್ತರ ಕೊಡಬೇಕು. ಹೊತ್ತು ಮುಳುಗಿದಾಗ ಕುಂತರೆ ಬೆಳ್ಳಿಚಿಕ್ಕಿ ಮೂಡುವ ತನಕ. ಪುರಾಣ ಗೊತ್ತಿರಬೇಕು, ತಾಳ ಗೊತ್ತಿರಬೇಕು, ನಾಲಿಗಿ ಹರಿತ ಇರಬೇಕು. ನನ್ನ ನಾಲಿಗಿ ಹರಿತ ಇತ್ತು. ಅದೇ ಮುಂದ ತೊಂದರಿ ಆತು.

ಅಲಿಯ ಕಥಿಯಾಗ ನನಗೆ ಎರಡನೇ ಹಿಡಿಸಿದ್ದು ಹೆಸರಿನ ಮಾತು. ಚಾಂಪಿಯನ್ ಆದ ಕೂಡಲೇ ಅವನು ಇಸ್ಲಾಂ ಒಪ್ಪಿಕೊಂಡೆ ಅಂತ ಹೇಳಿ, ಹಳೇ ಹೆಸರು ಬಿಟ್ಟು ಮಹಮ್ಮದ್ ಅಲಿ ಆದ. ಕ್ಲೇ ಅನ್ನೋದು ತಮ್ಮ ಹಿರಿಯರನ್ನು ಗುಲಾಮರನ್ನಾಗಿ ಇಟ್ಟುಕೊಂಡವರಿಂದ ಬಂದ ಹೆಸರು ಅನ್ನೋದು ಅವನ ಮಾತು. ಎಷ್ಟೋ ವರ್ಷ ಪೇಪರಿನವರು ಹೊಸ ಹೆಸರು ಬರೆಯಲಿಲ್ಲ, ಕ್ಲೇ ಅಂತಲೇ ಬರೆದರು. ಗಡಿಯಾಗ ಇದ್ದವರಿಗೆ ಈ ಸಂಕಟ ಸ್ವಲ್ಪ ಗೊತ್ತು. ಮನಿಯಾಗ ಕರೆಯೋ ಹೆಸರು ಒಂದು, ಸಾತಬಾರಾ ಉತಾರಿಯೊಳಗ ಬರೆದದ್ದು ಇನ್ನೊಂದು.

ಮೂರನೇದು, ಅವನು ಯುದ್ಧಕ್ಕೆ ಹೋಗಲಿಲ್ಲ. ಅಮೆರಿಕ ಆಗ ವಿಯೆಟ್ನಾಮಿನ ಮ್ಯಾಲ ಯುದ್ಧ ಹೂಡಿತ್ತು. 1967ರ ಏಪ್ರಿಲ್ 28ಕ್ಕೆ ಹ್ಯೂಸ್ಟನ್ ಊರಾಗ ಸೈನ್ಯಕ್ಕೆ ಸೇರಿಸಿಕೊಳ್ಳಲು ಹೆಸರು ಕೂಗಿದಾಗ ಅವನು ಮುಂದೆ ಹೆಜ್ಜೆ ಇಡಲಿಲ್ಲ. ಪಟ್ಟ ಕಸಿದುಕೊಂಡರು. ಆಡುವ ಲೈಸನ್ಸ್ ತೆಗೆದರು. ಐದು ವರ್ಷ ಸಜಾ, ಹತ್ತು ಸಾವಿರ ಡಾಲರ್ ದಂಡ ಅಂತ ಕೋರ್ಟ್ ಹೇಳಿತು. ಅಪೀಲು ಹಾಕಿದ್ದಕ್ಕೆ ಜೈಲಿಗೆ ಹೋಗಲಿಲ್ಲ. ಆದರ ಮೂರೂವರಿ ವರ್ಷ, ಅಂದರೆ ಮೈಯಾಗ ಕಸುವು ತುಂಬಿದ ಕಾಲ, ಆಟ ಇಲ್ಲದೆ ಹೋತು. 1971ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಅವನ ಶಿಕ್ಷೆ ರದ್ದು ಮಾಡಿತು. ಹೋದ ವರ್ಷ ಮಾತ್ರ ಯಾವ ಕೋರ್ಟೂ ತಿರುಗಿ ಕೊಡುವುದಿಲ್ಲ.

ಮತ್ತ ಬಂದು ಆಡಿದ. 1974ರ ಅಕ್ಟೋಬರ್ 30ಕ್ಕೆ ಆಫ್ರಿಕಾದ ಕಿನ್ಶಾಸಾ ಊರಾಗ ಜಾರ್ಜ್ ಫೋರ್ಮನ್ ಎದುರಿಗೆ ನಿಂತ. ಫೋರ್ಮನ್ 25ರ ಹರೇದ ಹೋರಿ, ಇವನಿಗೆ 32. ಇವನು ಹಗ್ಗಕ್ಕೆ ಬೆನ್ನು ಹಚ್ಚಿ, ಮೋತಿ ಮುಚ್ಚಿಕೊಂಡು, ಹೊಡಿ ಎಷ್ಟು ಹೊಡಿತಿ ಅಂತ ನಿಂತುಬಿಟ್ಟ. ಹೊಡೆದು ಹೊಡೆದು ಅವನು ದಣಿದ. ಎಂಟನೇ ಸುತ್ತಿಗೆ ಇವನು ಕೆಡವಿದ. ಒಕ್ಕಲಿಗರಿಗೆ ಈ ಉಪಾಯ ಹೊಸದಲ್ಲ. ಬರಗಾಲದ ಮುಂದೆ ನಾವೂ ಹಂಗ ನಿಲ್ಲತೀವಿ, ಅದು ದಣಿಯೋ ತನಕ. ಮುಂದೆ 1978ರಲ್ಲಿ ಪಟ್ಟ ಕಳಕೊಂಡು, ಅದೇ ವರ್ಷ ಮತ್ತ ಗೆದ್ದು, ಮೂರು ಸಲ ಪಟ್ಟ ಏರಿದ. ಒಟ್ಟು 61 ಪಂದ್ಯ, 56 ಗೆಲುವು, 5 ಸೋಲು. 1980ರಲ್ಲಿ ನಮ್ಮ ದೇಶಕ್ಕೂ ಬಂದು ಮದರಾಸಿನಾಗ ಪ್ರದರ್ಶನದ ಆಟ ಆಡಿ ಹೋಗಿದ್ದ. 1981ಕ್ಕೆ ಕೈಗವಸು ಬಿಚ್ಚಿಟ್ಟ.

ಮೂರು ವರ್ಷಕ್ಕೆ, 1984ರಲ್ಲಿ, ಅವನಿಗೆ ಕೈನಡುಗು ಹತ್ತಿದೆ ಅಂತ ಡಾಕ್ಟರು ಹೇಳಿದರು. ಪಾರ್ಕಿನ್ಸನ್ ಅಂತಾರ. ಮಿದುಳಿನಾಗ ಡೋಪಮೈನ್ ಅನ್ನುವ ಒಂದು ರಸ ಕಮ್ಮಿಯಾಗಿ, ಮೈ ಹೇಳಿದ ಮಾತು ಕೇಳದ ಹಂಗ ಆಗತದ. ಕೈ ನಡುಗತದ, ನಡಿಗೆ ಸಣ್ಣ ಆಗತದ, ದನಿ ಕೆಳಗೆ ಇಳೀತದ. ಜಗತ್ತಿಗೆಲ್ಲ ಒದರಿ ಹೇಳಿದವನ ದನಿ ಪಿಸುಮಾತು ಆತು. ತಲಿಗೆ ಬಿದ್ದ ಪೆಟ್ಟಿನಿಂದ ಬಂತೋ, ಮೈಯಾಗೇ ಇತ್ತೋ ಅನ್ನುವುದರಲ್ಲಿ ಎರಡು ಮಾತು ಅದಾವ.

ಇದನ್ನ ಕೇಳುವಾಗ ನನ್ನ ಅಣ್ಣ ಕಣ್ಣ ಮುಂದ ಬಂದ. ನಮ್ಮ ಮೇಳದಾಗ ನಾನು ಹಾಡಿದರೆ ದಪ್ಪು ಅಣ್ಣಂದು. ಮೂವತ್ತು ವರ್ಷ ಬಾರಿಸಿದ ಕೈ ಅದು. 2013ರ ಸುಮಾರಿಗೆ ಎಡಗೈ ಬೆರಳು ತಾವೇ ಆಡಾಕ ಹತ್ತಿದವು. ಮಿರಜಕ್ಕೆ ಕರಕೊಂಡು ಹೋದೆವು. ಅದೇ ರೋಗ. ಗುಳಿಗಿ ಕೊಟ್ಟರು, ಸ್ವಲ್ಪ ಹಿಡಿತಕ್ಕೆ ಬಂತು. ಆದರ ಅಣ್ಣ ದಪ್ಪು ತೆಗೆದು ಅಟ್ಟಕ್ಕೆ ಇಟ್ಟ. ಚಾ ಕುಡಿಯುವುದಿದ್ದರೂ ಒಳಗೆ ಹೋಗಿ ಕುಡೀತಿದ್ದ, ಮಂದಿ ಬಸಿ ಅಲುಗೋದು ನೋಡಬಾರದು ಅಂತ. ಜಾತ್ರಿಯಾಗ ಕಟ್ಟಿ ಹತ್ತಿರಕ್ಕೂ ಬರಲಿಲ್ಲ.

ನಾನು ಅವನಿಗೆ ಅಟ್ಲಾಂಟಾದ ಮಾತು ಹೇಳಿದೆ. 1996ರ ಒಲಿಂಪಿಕ್ಸ್ ಜ್ಯೋತಿ ಹಚ್ಚುವುದು ಯಾರು ಅನ್ನೋದನ್ನ ಗುಟ್ಟಾಗಿ ಇಟ್ಟಿದ್ದರು. ಕೊನೆಗೆ ಮ್ಯಾಲ ನಿಂತವನು ಅಲಿ. ಎಡಗೈ ಗಡಗಡ ನಡಗತಿತ್ತು. ಬಲಗೈಯಾಗ ಪಂಜು. ಇಡೀ ಜಗತ್ತು ಟಿವಿಯಾಗ ನೋಡತಿತ್ತು. ಅವನು ಕೈ ಮುಚ್ಚಿಕೊಳ್ಳಲಿಲ್ಲ. ಗುರುಗಳು ಮೊಬೈಲಿನಾಗ ಅದನ್ನ ತೋರಿಸಿದರು. ಅಣ್ಣ ಎರಡು ಸಲ ನೋಡಿದ, ಏನೂ ಅನ್ನಲಿಲ್ಲ. ನಾಕು ದಿನಕ್ಕೆ ಅಟ್ಟದ ಮ್ಯಾಲಿಂದ ದಪ್ಪು ಇಳಿಸಿ, ಬೆಂಕಿಗೆ ಹಿಡಿದು ಕಾಸೂ ಸಪ್ಪಳ ಕೇಳಿತು.

ಇಲ್ಲಿ ತನಕ ಬರೆಯುವುದು ಸುಲಭ ಇತ್ತು. ಇನ್ನು ಮುಂದಿನದು ಕಠಿಣ.

ಗುರುಗಳು ಜೋ ಫ್ರೇಜರನ ಕಥಿ ಹೇಳಿದರು. ಅವನೂ ಕರಿಯನೇ. ದಕ್ಷಿಣ ಕೆರೊಲಿನಾದ ಬಡ ಒಕ್ಕಲಿಗನ ಮಗ. ಅಲಿಯ ಲೈಸನ್ಸ್ ತೆಗೆದಾಗ, ಅವನಿಗೆ ಆಡಲು ಬಿಡಿರಿ ಅಂತ ಇವನು ಅವನ ಪರ ಮಾತಾಡಿದ್ದ. ಆದರ ಮುಂದೆ ಎದುರಾಬದುರ ಆದಾಗ ಅಲಿ ಅವನನ್ನು ಏನೇನು ಅನ್ನಲಿಲ್ಲ. ದಡ್ಡ ಅಂದ, ಬಿಳಿಯರ ಆಳು ಅಂದ, ಗೊರಿಲ್ಲಾ ಅಂದ. ಅದಕ್ಕೂ ಪ್ರಾಸ ಹಾಕಿದ. ಮಂದಿ ನಕ್ಕರು. ಫ್ರೇಜರನ ಮಕ್ಕಳು ಸಾಲಿಯಾಗ ಆ ಮಾತು ಕೇಳಬೇಕಾತು. 1971ರಲ್ಲಿ ಫ್ರೇಜರ್ ಗೆದ್ದ. ಮುಂದಿನ ಎರಡು ಸಲ ಅಲಿ ಗೆದ್ದ. 1975ರ ಮನಿಲಾದ ಪಂದ್ಯದಾಗ ಇಬ್ಬರೂ ಸಾಯೋ ಮಟ್ಟಕ್ಕೆ ಬಂದಿದ್ದರು. ಹದಿನಾಲ್ಕು ಸುತ್ತು ಮುಗಿದ ಮೇಲೆ ಫ್ರೇಜರನ ವಸ್ತಾದ, ಮಗಾ ಸಾಕು ಕುಂಡ್ರು, ಅಂತ ಪಂದ್ಯ ನಿಲ್ಲಿಸಿದ. ಮೈಮ್ಯಾಲಿನ ಪೆಟ್ಟು ಮಾಯ್ದವು. ಆ ಮಾತು ಮಾತ್ರ ಮಾಯಲಿಲ್ಲ. ಫ್ರೇಜರ್ ಬಹಳ ವರ್ಷ ಸಿಟ್ಟು ಇಟ್ಟುಕೊಂಡಿದ್ದ.

ಇದನ್ನ ಕೇಳಿ ನಾನು ಎದ್ದು ಹೊರಗೆ ಬಂದೆ. ಗುರುಗಳು, "ಯಾಕ ಕಾಕಾ, ಆರಾಮ ಇಲ್ಲೇನು?" ಅಂದರು. ಅವರಿಗೆ ಹೆಂಗ ಹೇಳಲಿ.

ನನಗೂ ಒಬ್ಬ ಫ್ರೇಜರ್ ಇದ್ದಳು. ನಾಗೇಶಿ ಹಾಡುವ ಹೆಣ್ಣುಮಗಳು, ನನಗಿಂತ ಏಳೆಂಟು ವರ್ಷ ಹಿರಿಯಾಕಿ. ಉಮದಿ ದಾಟಿ ಚಡಚಣದ ಕಡೆಯ ಒಂದು ಹಳ್ಳಿಯಾಕಿ. ಹೆಸರು ಬರೆಯುವುದಿಲ್ಲ, ಹಳಬರಿಗೆ ಗೊತ್ತು. ನಾನು ಆಕಿಗೆ ಅಕ್ಕ ಅಂತಿದ್ದೆ. ನನ್ನ ಮೇಳ ಹೊಸದಾಗಿ ಎದ್ದಾಗ ಒಂದೂರಿನ ಪಂಚರು, "ಈ ಹುಡುಗರು ಏನು ಹಾಡತಾರ, ಇವರ ವೀಳ್ಯ ತಿರುಗಿಸಿರಿ" ಅಂದಿದ್ದರು. ಅಕ್ಕ ಆವತ್ತು ಕಟ್ಟಿ ಮ್ಯಾಲಿಂದ ಇಳಿದು ನಿಂತು, "ಆ ಹುಡುಗರು ಕುಂತರ ನಾನೂ ಕುಂಡ್ರತೀನಿ, ಇಲ್ಲಂದರ ನನ್ನ ವೀಳ್ಯಾನೂ ತಗೋರಿ" ಅಂದಳು. ಆ ರಾತ್ರಿಯಿಂದ ನನ್ನ ಹೆಸರು ಹತ್ತೂರಿಗೆ ಆತು. ಹೆಸರು ಮಾಡಿಕೊಟ್ಟಾಕಿ ಅವಳು.

1988ರಲ್ಲಿ ನಮ್ಮೂರ ಜಾತ್ರಿಯಾಗ ನಾವಿಬ್ಬರೂ ಎದುರಿಗೆ ಕುಂತೆವು. ನಸುಕಿನ ಹೊತ್ತು. ಅಕ್ಕನ ಒಂದು ಸವಾಲಿಗೆ ನನಗೆ ಉತ್ತರ ಹೊಳೀಲಿಲ್ಲ. ಪುರಾಣದ ಸವಾಲು, ನನಗೆ ಬರತಿರಲಿಲ್ಲ. ನಮ್ಮೂರ ಮಂದಿ ಮುಂದ ಸೋಲೋದು ಹೆಂಗ? ಆಕಿಗೆ ಮಕ್ಕಳಿರಲಿಲ್ಲ. ನಾನು ಅದನ್ನೇ ಹಿಡಿದು ಒಂದು ನುಡಿ ಕಟ್ಟಿದೆ. ಹೆಣ್ಣು ಹೆಚ್ಚು ಅಂತಿ, ನಿನ್ನ ಹೊಲದಾಗ ಬೆಳಿ ಎಲ್ಲಿ ಅನ್ನೂ ಅರ್ಥದ್ದು. ಆ ನುಡಿ ಇಲ್ಲಿ ಬರೆಯುವುದಿಲ್ಲ. ಪ್ರಾಸ ಚೊಲೋ ಕೂತಿತ್ತು, ಅದೇ ದೊಡ್ಡ ಪಾಪ. ಮಂದಿ ಸೀಟಿ ಹೊಡೆದರು, ನೋಟು ಆಯಾರು ಮಾಡಿದರು. ಅಣ್ಣ ಒಬ್ಬನೇ ದಪ್ಪು ನಿಲ್ಲಿಸಿ ನನ್ನ ಕಡೆ ನೋಡಿದ. ಅಕ್ಕ ಏನೂ ಅನ್ನಲಿಲ್ಲ. ತುಂತುಣಿ ಎತ್ತಿಕೊಂಡು ಮಂಗಳ ಹಾಡಿ ಎದ್ದು ಹೋದಳು.

ನಾ ಗೆದ್ದೆ ಅಂತ ಆಯಾರಿನ ರೊಕ್ಕ ಎಣಿಸಿದೆ. ಆದರ ಆ ನುಡಿ ನನ್ನಕಿಂತ ಮುಂದ ಓಡಿತು. ಆಕಿ ಹಾಡಾಕ ಹೋದ ಊರಿನಾಗೆಲ್ಲ ಪೋರಗೋಳು ಅದನ್ನ ಒದರಾಕ ಹತ್ತಿದರು. ಎರಡು ವರ್ಷಕ್ಕೆ ಆಕಿ ಮೇಳ ನಿಂತಿತು. ನಮ್ಮೂರಿಗೆ ಮತ್ತ ಬರಲಿಲ್ಲ. ನಾನು ಇಪ್ಪತ್ತೆಂಟು ವರ್ಷ, ಅದು ಆಟದ ಮಾತು, ಕಟ್ಟಿ ಮ್ಯಾಲಿನದು ಕಟ್ಟಿಗೇ ಬಿಡಬೇಕು, ಅಂತ ನನಗ ನಾನ ಸಮಾಧಾನ ಹೇಳಿಕೊಂಡೆ.

ಅಲಿಯೂ ಹಂಗೇ ಅಂದುಕೊಂಡಿದ್ದನೋ ಏನೋ. 2001ರಲ್ಲಿ ಅವನು ನ್ಯೂಯಾರ್ಕಿನ ಪೇಪರಿನವರ ಮುಂದೆ, ಅನ್ನಬಾರದ್ದು ಅಂದೆ, ಪಂದ್ಯಕ್ಕೆ ಮಂದಿ ಕೂಡಲಿ ಅಂತ ಅಂದದ್ದು, ತಪ್ಪಾತು ಅಂತ ಹೇಳಿದ. ಫ್ರೇಜರನಿಗೆ ಅದು ಪೂರಾ ಸಮಾಧಾನ ಆಗಲಿಲ್ಲ. ಪೇಪರಿಗೆ ಹೇಳ್ಯಾನ, ನನಗ ಬಂದು ಹೇಳಿಲ್ಲ ಅನ್ನುವುದು ಅವನ ತಕರಾರು. 2011ರ ನವೆಂಬರಿನಾಗ ಫ್ರೇಜರ್ ಸತ್ತ. ಅವನ ಮಣ್ಣಿಗೆ ಅಲಿ ಹೋದ. ನಿಲ್ಲಲೂ ಆಗದ ಸ್ಥಿತಿ. ಆದರೂ ಎದ್ದು ನಿಂತು ಚಪ್ಪಾಳೆ ತಟ್ಟಿದ.

ನನ್ನ ಅಕ್ಕ ಇನ್ನೂ ಇದ್ದಳು. ಪೇಪರಿನಾಗ ಅಲಿಯ ಮಣ್ಣಿನ ಸುದ್ದಿ ಬಂದ ವಾರವೇ ನಾನು ಬಸ್ಸು ಹತ್ತಿದೆ.

ಹೊರಸಿನ ಮ್ಯಾಲ ಕುಂತಿದ್ದಳು. ಕಣ್ಣು ಮಂಜಾಗಿದ್ದವು. ಹೆಸರು ಹೇಳಿದೆ. "ದನಿ ಗುರ್ತು ಹತ್ತೇತಿ, ಕುಂಡ್ರು ತಮ್ಮಾ" ಅಂದಳು. ಚಾ ತರಿಸಿದಳು. ನಾನು ಕಾಲು ಮುಟ್ಟಿ, "ಅಕ್ಕಾ, ಆವತ್ತು ಅಂದದ್ದು ತಪ್ಪಾತು" ಅಂದೆ. ಬಹಳ ಹೊತ್ತು ಸುಮ್ಮನೆ ಕುಂತಳು. ಆ ಮೇಲೆ ಅಂದಳು:

"ನನ್ನ ಮನಿಯಾಗ ಬಂದು ಯಾಕ ಹೇಳತೀ? ನನ್ನ ಮನಿಯಾಗ ಅಂದಿದ್ದೇನು? ಮಂದಿ ಮುಂದ ಅಂದಿ, ತಾಳ ಹಾಕಿ ಅಂದಿ. ತಗೊಳ್ಳೋದಿದ್ದರ ಅಲ್ಲೇ ನಿಂತು ತಗೋ."

ಸಿಟ್ಟಿನಿಂದ ಅನ್ನಲಿಲ್ಲ. ತೂಕ ಮಾಡಿ ಹೇಳಿದ ಹಂಗ ಹೇಳಿದಳು. ಸಾಗರದಾಚೆಯ ಫ್ರೇಜರ್ ಹೇಳಿದ್ದನ್ನೇ ಅಕ್ಕ ತನ್ನ ಮಾತಿನಾಗ ಹೇಳಿದ್ದಳು. ತಪ್ಪು ಎಲ್ಲಿ ಆಗೇತೋ ಅಲ್ಲೇ ತಪ್ಪೊಪ್ಪಿಗಿ ಆಗಬೇಕು.

ಮುಂದಿನ ವರ್ಷ 2017ರ ಜಾತ್ರಿಗೆ ನಾನು ಪದ ಕಟ್ಟಿದೆ. ಆರು ನುಡಿ. ಎರಡು ಸಾಲು ಬರೀತೀನಿ, ನನ್ನವೇ:

ಮಂದಿ ಮುಂದ ಅಂದ ಮಾತ ಮಂದಿ ಮುಂದ ತಗೋತೀನಿ
ಅಕ್ಕ ನಿನ್ನ ಹೊಲದಾನ ಕಸ ನಾನ ಬಂದು ತಗೀತೀನಿ

ದಪ್ಪಿಗೆ ಯಾರು ಅಂತ ಕೇಳಿದಾಗ ಅಣ್ಣ ತಾನೇ ಎದ್ದು ಬಂದ. ಮಂದಿ ಗುಸುಗುಸು ಅಂದರು. ಅವನು ಕೈ ಮುಚ್ಚಿಕೊಳ್ಳಲಿಲ್ಲ. ನಾನು ಹಳೇ ಜಾತ್ರಿಯ ಕಥಿ ಹೇಳಿ, ಯಾರು ಸೀಟಿ ಹೊಡೆದಿದ್ದಿರೋ ನೀವೂ ಕೇಳ್ರಿ ಅಂತ ಹೇಳಿ ಹಾಡಿದೆ. ದನಿ ಮೊದಲಿನಂಗ ಇರಲಿಲ್ಲ. ಯಾರೂ ನೋಟು ಕೊಡಲಿಲ್ಲ, ಸೀಟಿ ಹೊಡೀಲಿಲ್ಲ. ಹೆಣ್ಣುಮಕ್ಕಳ ಕಡೆ ಒಬ್ಬ ಮುದುಕಿ ಸೆರಗಿಲೆ ಕಣ್ಣು ಒರಸಿಕೊಂಡದ್ದು ಕಂಡಿತು. ಅಕ್ಕ ಬಂದಿರಲಿಲ್ಲ. ಆಕಿ ಸಾಕಿದ ತಂಗಿಯ ಮೊಮ್ಮಗ ಮಾತ್ರ ಬಂದು, ದೂರ ನಿಂತು ಮೊಬೈಲಿನಾಗ ಹಿಡಕೊಂಡು ಹೋದ.

ಆಕಿ ಕೇಳಿದಳೋ ಇಲ್ಲೋ ಎರಡು ವರ್ಷ ನನಗೆ ತಿಳೀಲಿಲ್ಲ. ಕೇಳಾಕ ಧೈರ್ಯ ಆಗಲಿಲ್ಲ.

2019ರಲ್ಲಿ ಅಕ್ಕ ತೀರಿಕೊಂಡ ಸುದ್ದಿ ಬಂತು. ಮಣ್ಣಿಗೆ ಹೋದೆ. ಹೆಚ್ಚು ಮಂದಿ ಇರಲಿಲ್ಲ, ಮೂವತ್ತು-ನಲವತ್ತು ಇದ್ದಾರು. ಭಜನಿಯವರು ಹಾಡತಿದ್ದರು. ಮಣ್ಣು ಕೊಟ್ಟು ಕೈ ತೊಳಕೊಳ್ಳುವಾಗ ಆಕಿ ತಂಗಿ ಹತ್ತಿರ ಬಂದಳು. "ನಿಮ್ಮ ಪದಾ ಹುಡುಗ ಹಚ್ಚಿ ಕೇಳಿಸಿದ್ದ ಅಣ್ಣಾರ. ಒಮ್ಮೆ ಅಲ್ಲ, ಭಾಳ ಸಲ ಕೇಳ್ಯಾಳ" ಅಂದಳು. "ಏನಂದಳು?" ಅಂದೆ.

"ಮೂರನೇ ನುಡಿಯಾಗ ದಪ್ಪು ತಪ್ಪೇತಿ ಅಂದಳ್ರಿ. ಅದು ಅವರ ಅಣ್ಣಂದು ಇರಬೇಕು, ಕೈ ನಡಗತಾವಂತ ಕೇಳೀನಿ, ತಪ್ಪಿದರ ತಪ್ಪಲಿ, ಬಿಡಬ್ಯಾಡ ಅಂತ ಹೇಳು ಅಂದಳ್ರಿ."

ಇಷ್ಟೇ. ಕ್ಷಮಾ ಮಾಡೀನಿ ಅಂತ ಅಂದಿಲ್ಲ. ತಾಳದ ತಪ್ಪು ಹಿಡಿದಾಳ. ಹಾಡುಗಾರಳಾಗಿ ಕೇಳ್ಯಾಳ. ಊರಿಗೆ ಬಂದು ಅಣ್ಣಗ ಹೇಳಿದೆ. ಅವನು ನಡುಗುವ ಕೈ ನೋಡಿಕೊಂಡು, "ಖರೇ ಅದ, ಮೂರನೇ ನುಡಿಯಾಗ ತಪ್ಪಿತ್ತು" ಅಂದ. ಈಗಲೂ ಭಜನಿಗೆ ಬಂದು ಕುಂಡ್ರತಾನ. ತಪ್ಪತದ, ಮತ್ತ ಹಿಡಕೋತಾನ.

ಈಗ ಅಲಿಯ ಮಾತಿಗೆ ಬರತೀನಿ. ಅವನು ಹೋದ ಮೇಲೆ ಏನು ಉಳೀತು? ಜೂನ್ 10ಕ್ಕೆ ಅವನ ಹೆಣ ಲೂಯಿವಿಲ್ ಊರಿನ ಓಣಿ ಓಣಿ ತಿರುಗಿತು. ಅವನು ಆಡಿ ಬೆಳೆದ ಸಣ್ಣ ಮನಿ ಮುಂದ ಹಾದು ಹೋತು. ಸಾವಿರಗಟ್ಟಲೆ ಮಂದಿ ಹಾದಿ ಬದಿ ನಿಂತು ಹೂ ತೂರಿದರು. ತನ್ನ ಮಣ್ಣು ಹೆಂಗ ಆಗಬೇಕು ಅನ್ನೋದನ್ನ ಅವನು ಮೊದಲೇ ಬರೆಸಿ ಇಟ್ಟಿದ್ದ. ಇಸ್ಲಾಂ ಪ್ರಕಾರ ಪ್ರಾರ್ಥನೆ ಆದ ಮೇಲೆ ಬೇರೆ ಬೇರೆ ಧರ್ಮದವರೂ ಎದ್ದು ಮಾತಾಡಿದರು. ಒಂದು ಕಾಲಕ್ಕೆ ಇವನ ಪಟ್ಟ ಕಸಿದ ದೇಶ 2005ರಲ್ಲಿ ಇವನಿಗೆ ತನ್ನ ನಾಗರಿಕರಿಗೆ ಕೊಡೂ ದೊಡ್ಡ ಪದಕ ಕೊಟ್ಟಿತ್ತು. ಊರಿನಾಗ ಒಂದು ರಸ್ತೆಗೆ ಅವನ ಹೆಸರು ಅದ. 2019ರಲ್ಲಿ ವಿಮಾನ ನಿಲ್ದಾಣಕ್ಕೂ ಅವನ ಹೆಸರು ಇಟ್ಟರು. ಅವನ ಹೆಸರಿನ ಒಂದು ಕೇಂದ್ರ ಅದ, ಅಲ್ಲಿ ಬರೇ ಹೊಡೆದಾಟ ತೋರಿಸೋದಿಲ್ಲ, ಗೌರವ, ಕೊಡುಗುಣ, ನಂಬಿಕೆ ಇವನ್ನೂ ಹುಡುಗರಿಗೆ ಕಲಿಸತಾರ. ಬಾಕ್ಸಿಂಗ್ ಆಡುವವರನ್ನು ಪಂದ್ಯ ಹೂಡುವವರು ಸುಲಿಯಬಾರದು ಅಂತ 2000ರಲ್ಲಿ ಅಮೆರಿಕದಾಗ ಆದ ಕಾಯ್ದೆಗೂ ಅವನ ಹೆಸರು. 1990ರಲ್ಲಿ ರೋಗ ಹತ್ತಿದ ಮೈ ಹೊತ್ತುಕೊಂಡೇ ಇರಾಕಿಗೆ ಹೋಗಿ, ಒತ್ತೆಯಾಗಿ ಇಟ್ಟುಕೊಂಡಿದ್ದ 15 ಮಂದಿಯನ್ನು ಮನಿಗೆ ಕರಕೊಂಡು ಬಂದಿದ್ದ. ಅದೂ ಉಳಿದದ್ದೇ.

ಜೊತೆಗೆ ಫ್ರೇಜರನಿಗೆ ಅಂದ ಮಾತೂ ಉಳಿದದ. ಅದನ್ನ ತೆಗೆದು ಬರೇ ಚೊಲೋದು ಹೇಳಿದರೆ ಅದು ಗ್ವಾಡಿ ಮ್ಯಾಲಿನ ಚಿತ್ರ ಆಗತದ, ಮನಿಷ್ಯಾ ಆಗೂದಿಲ್ಲ. ನನ್ನ ಮಟ್ಟಿಗೆ ಅವನ ದೊಡ್ಡಸ್ತಿಕೆ ಫೋರ್ಮನ್‌ನನ್ನು ಕೆಡವಿದ್ದರಲ್ಲಿ ಇಲ್ಲ. ನಡುಗುವ ಕೈ ಮುಚ್ಚಿಕೊಳ್ಳದೆ ಜ್ಯೋತಿ ಹಚ್ಚಿದ್ದರಲ್ಲಿ ಅದ. ತಡಾ ಆದರೂ, ಪೂರಾ ಆಗದಿದ್ದರೂ, ತಪ್ಪಾತು ಅಂದದ್ದರಲ್ಲಿ ಅದ.

ಸಾಲಿ ಗುರುಗಳಿಗೆ ಒಂದು ಬಿನ್ನಹ. ಹುಡುಗರಿಗೆ ಗೆದ್ದವರ ಕಥಿ ಹೇಳುವಾಗ, ಗೆದ್ದವ ಸೋತವನಿಗೆ ಏನಂದ ಅನ್ನೋದನ್ನೂ ಹೇಳ್ರಿ. ಮೇಳ ಕಟ್ಟುವ ಹುಡುಗರಿಗೆ ಒಂದು ಮಾತು. ಸವಾಲಿಗೆ ಉತ್ತರ ಹೊಳೀದಿದ್ದರ, ಬರೂದಿಲ್ಲ ಅಂತ ಹೇಳಿ ಎದುರಿನವರಿಗೆ ಕೈ ಮುಗೀರಿ. ಆ ರಾತ್ರಿ ಸೋತರ ಮುಂದಿನ ಜಾತ್ರಿಗೆ ಗೆಲ್ಲಬಹುದು. ಅಕ್ಕ 1988ರಲ್ಲಿ ಹಾಕಿದ ಸವಾಲಿನ ಉತ್ತರ ನನಗೆ ಇನ್ನೂ ಹೊಳೆದಿಲ್ಲ. ಈ ಪುಸ್ತಕ ಓದಿದ ಹಿರಿಯರಿಗೆ ಯಾರಿಗಾದರೂ ಗೊತ್ತಿದ್ದರೆ ವಾಚನಾಲಯಕ್ಕೆ ಬರ್ರಿ. ಸಂಜಿಗೆ ನಾನು, ಅಣ್ಣ ಕಟ್ಟಿ ಮ್ಯಾಲ ಇರತೀವಿ. ಸವಾಲು ಹೇಳತೀನಿ, ಉತ್ತರ ಕಲಿಸಿ ಹೋಗ್ರಿ.